ಅಪ್ಪನ ಹಗ್ಗ, ನನ್ನ ಫ್ರೆಂಚ್ ಕುರ್ಚಿ

ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡನಂತೆ. ನಾನು ಇರುವೆಯ ಬದಲು ಫ್ರಾನ್ಸ್ ದೇಶದ ಒಂದು ಕುರ್ಚಿಯನ್ನು ಬಿಟ್ಟುಕೊಂಡೆ. ಅದೂ ನನ್ನ ಮೈಮೇಲಲ್ಲ, ಅಪ್ಪನ ಮೈಮೇಲೆ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆ ಜಂಗಮಕೋಟೆ ಕಡೆಯ ಹಳ್ಳಿಯಲ್ಲಿ. ಡ್ರಾಯಿಂಗ್ ಮೇಷ್ಟ್ರ ಕಥೆ ಎಲ್ಲರಿಗೂ ಗೊತ್ತಿರುವುದೇ. ಲೆಕ್ಕದ ಮೇಷ್ಟ್ರು ರಜೆ ಹಾಕಿದರೆ ಆ ಕ್ಲಾಸು ನಮಗೆ, ಸ್ಕೂಲ್ ಡೇ ಬಂದರೆ ಬ್ಯಾನರು ನಮಗೆ, ಹೆಡ್‌ಮಾಸ್ಟರ ಮಗಳ ಮದುವೆಯಾದರೆ ಥರ್ಮೋಕೋಲಿನಲ್ಲಿ ವಧೂವರರ ಹೆಸರು ಕತ್ತರಿಸುವುದೂ ನಮಗೇ. ಇಷ್ಟಾದರೂ ನಾನು ಒಳಗೊಳಗೇ ನನ್ನನ್ನು ಮಹಾ ಕಲಾವಿದನೆಂದುಕೊಂಡಿದ್ದೆ. ಕೂದಲು ಕಿವಿ ಮುಚ್ಚುವಷ್ಟು ಬಿಟ್ಟಿದ್ದೆ. ಹೆಗಲಿಗೊಂದು ಜೋಳಿಗೆ ಬೇರೆ. ಆ ಜೋಳಿಗೆಯಲ್ಲಿ ಹೆಚ್ಚಿನ ದಿನ ಬುತ್ತಿ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಒಂದು ಶನಿವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸಿಗೆ ಕಾಯುತ್ತಾ ಹಳೇ ಪೇಪರ್ ಅಂಗಡಿಗೆ ನುಗ್ಗಿದೆ. ಬೆಂಗಳೂರಿನಿಂದ ಬಂದಿದ್ದ ರದ್ದಿಯ ರಾಶಿಯಲ್ಲಿ ಒಂದು ಹಳೆಯ ಫ್ರೆಂಚ್ ಪತ್ರಿಕೆ ಕಣ್ಣಿಗೆ ಬಿತ್ತು. ತುಂಬ ಕುರ್ಚಿಗಳ ಫೋಟೋಗಳು. ಅಂಗಡಿಯವನು, "ತಗಂಡೋಗಿ ಸಾರ್. ಈ ನುಣುಪು ಪೇಪರ್‌ನಾಗೆ ಬೋಂಡ ಕಟ್ಟಿದ್ರೆ ಎಣ್ಣೆ ಹೀರಲ್ಲ, ಯಾರೂ ಮುಟ್ಟಲ್ಲ" ಎಂದು ಹಾಗೇ ಕೊಟ್ಟುಬಿಟ್ಟ.

ನನಗೆ ಫ್ರೆಂಚ್ ಬರುತ್ತಿರಲಿಲ್ಲ. ಚಿತ್ರಗಳ ಕೆಳಗಿದ್ದ ಇಸವಿಗಳನ್ನು ನೋಡಿ, ಇವೆಲ್ಲ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನವರು ಮಾಡಿದ ಕುರ್ಚಿಗಳೆಂದು ಮಾತ್ರ ತಿಳಿದುಕೊಂಡೆ. ಕೆಲವನ್ನು ಕಬ್ಬಿಣದ ಕೊಳವೆ ಬಗ್ಗಿಸಿ ಮಾಡಿದ್ದರು, ಕೆಲವು ತಗಡು ಮಡಿಸಿದವು, ಕೆಲವು ತೆಳ್ಳಗಿನ ಮರದ ಹಾಳೆಗಳನ್ನು ಅಂಟಿಸಿ ಬಾಗಿಸಿದವು. ಆದರೆ ನಾನು ಸೋತುಹೋದದ್ದು ನಡುಪುಟದ ಒಂದೇ ಕುರ್ಚಿಗೆ. ಅದಕ್ಕೆ ಮೂಲೆ ಎಂಬುದೇ ಇರಲಿಲ್ಲ. ಬೆನ್ನು, ಕೈ, ಕೂರುವ ಜಾಗ ಎಲ್ಲ ಒಂದರೊಳಗೊಂದು ಹರಿದು ಬಂದಿದ್ದವು. ಮೈತುಂಬ ಗುಂಗುರು ಗುಂಗುರಾದ ಬಿಳಿ ಉಣ್ಣೆ. ನೆಲಕ್ಕೆ ಹತ್ತಿಕೊಂಡಂತೆ ತಗ್ಗಾಗಿ, ಮೂರೇ ಮೂರು ಗಿಡ್ಡ ಕಾಲುಗಳ ಮೇಲೆ ಕೂತಿತ್ತು, ಮುಂದೊಂದು, ಹಿಂದೆರಡು. ಅದು ಕುರ್ಚಿಯಲ್ಲ, ಶಿಲ್ಪ ಎಂದು ಸ್ಟಾಫ್ ರೂಮಿನಲ್ಲಿ ಸಾರಿದೆ. ಚಿತ್ರದ ಕೆಳಗಿದ್ದ, ಆರಾಮ ಕುರ್ಚಿಯ ಫ್ರೆಂಚ್ ಹೆಸರನ್ನು ಅಕ್ಷರ ಕೂಡಿಸಿ ಓದಿ, "ಫೌಟೆಯುಲ್" ಎಂದು ಎಲ್ಲರಿಗೂ ಕಲಿಸಿದೆ. ಹತ್ತು ವರ್ಷ ಕಳೆದ ಮೇಲೆ ಬಲ್ಲವರೊಬ್ಬರು ಅದನ್ನು "ಫೋತೆಯ್" ಎನ್ನಬೇಕೆಂದು ತಿದ್ದಿದರು. ಅಷ್ಟರಲ್ಲಿ ನಮ್ಮ ಶಾಲೆಯ ಜವಾನನಿಂದ ಹಿಡಿದು ಹೆಡ್‌ಮಾಸ್ಟರವರೆಗೆ ಎಲ್ಲರೂ ಫೌಟೆಯುಲ್ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದರು.

ಈಗ ಅಪ್ಪನ ವಿಷಯ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಅದಕ್ಕೆ ಎರಡು ವರ್ಷ ಮೊದಲು ಹುಳದ ತಟ್ಟೆ ಇಳಿಸುವಾಗ ಅಪ್ಪ ಏಣಿಯಿಂದ ಬಿದ್ದು ಸೊಂಟ, ಮೊಣಕಾಲು ಎರಡಕ್ಕೂ ಪೆಟ್ಟು ಮಾಡಿಕೊಂಡಿದ್ದರು. ನಡೆಯುವುದಕ್ಕೆ ತೊಂದರೆ ಇರಲಿಲ್ಲ, ಏಳುವುದಕ್ಕೇ ಆಗುತ್ತಿರಲಿಲ್ಲ. ಕೂತರೆ ಯಾರಾದರೂ ಕೈ ಕೊಡಬೇಕು. ಅಪ್ಪನಿಗೆ ಬೇರೆಯವರ ಕೈ ಹಿಡಿದು ಏಳುವುದೆಂದರೆ ಪ್ರಾಣಸಂಕಟ. ಅದಕ್ಕೆ ಅಮ್ಮ ನಡುಮನೆಯ ತೊಲೆಗೆ ಒಂದು ಹಗ್ಗ ಕಟ್ಟಿ ಇಳಿಬಿಟ್ಟಿದ್ದರು. ಅಪ್ಪ ಅದರ ಕೆಳಗೆ ಒಂದು ಹಳೆಯ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು. ಏಳಬೇಕೆನಿಸಿದಾಗ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಲ್ಲು ಕಚ್ಚಿ, ಮೇಲೇಳುತ್ತಿದ್ದರು. ಆ ಹೊತ್ತಿಗೆ ಮನೆಗೆ ಯಾರಾದರೂ ಬಂದರೆ ಎದ್ದೇಳದೆ ಹಾಗೇ ಕೂತುಬಿಡುತ್ತಿದ್ದರು.

ಒಂದು ದಿನ ನನ್ನ ಹತ್ತಿರ, ಎಲ್ಲೋ ನೋಡುತ್ತಾ, "ಕೊಟ್ಟಿಗೇಲಿ ದನಕ್ಕೊಂದು ಹಗ್ಗ, ಮನೇಲಿ ನನಗೊಂದು ಹಗ್ಗ. ನೀನು ಪೇಟೇಲಿ ಓಡಾಡೋನು. ಹಗ್ಗ ಇಲ್ದೆ ನಾನೊಬ್ನೇ ಎದ್ದೇಳೋ ಹಂಗೆ ಒಂದು ಕುರ್ಚಿ ಮಾಡ್ಸಪ್ಪ" ಎಂದರು. ಅಪ್ಪ ಜೀವನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ ವಸ್ತು. ಯಾವ ಮಗನಿಗಾದರೂ ಕೇಳಿದ ತಕ್ಷಣ ಅರ್ಥವಾಗುವ ಮಾತು. ನನಗೆ ಅದರಲ್ಲಿ "ಕುರ್ಚಿ" ಎಂಬ ಪದ ಮಾತ್ರ ಕೇಳಿಸಿತು.

ಶಿಡ್ಲಘಟ್ಟದಲ್ಲಿ ಒಬ್ಬರು ಬಡಗಿ ಸಾಬರಿದ್ದರು. ನೂಲು ತೆಗೆಯುವ ಚರಕಗಳ ಮರದ ಕೆಲಸವೆಲ್ಲ ಅವರದೇ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಿರಾಕಿ ಗಡಿಯ ಕಡೆಯವನಾದರೆ ತೆಲುಗು. ಮರದ ಜೊತೆಗೆ ಮಾತ್ರ ಅವರು ಯಾವ ಭಾಷೆಯಲ್ಲೂ ಆಡದೆ ಸುಮ್ಮನೆ ಕೆಲಸ ಮಾಡುತ್ತಿದ್ದರು. ನಾನು ಪತ್ರಿಕೆ ಬಿಚ್ಚಿ ನಡುಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಪತ್ರಿಕೆಯನ್ನು ತಿರುಗಿಸಿಯೂ ನೋಡಿದರು.

"ಮೇಷ್ಟ್ರೇ, ಇದರಲ್ಲಿ ಕೂರೋದು ಯಾರು?"

"ನಮ್ಮ ತಂದೆ."

"ಏಣಿಯಿಂದ ಬಿದ್ರಲ್ಲ, ಅವ್ರಾ?"

"ಹೂಂ. ಏನೀಗ?"

ಅವರು ಪುಟಗಳನ್ನು ಮಗುಚುತ್ತಾ ಹೋದರು. ಕೊನೆಯ ಹತ್ತಿರದ ಒಂದು ಪುಟದಲ್ಲಿ ನಿಂತರು. ಅಲ್ಲಿ ಒಂದು ಸಾದಾ ಕುರ್ಚಿ. ಶಾಲೆಗೋ ಹಾಸ್ಟೆಲಿಗೋ ಮಾಡಿದ್ದಿರಬೇಕು. ಮುಂದಿನ ಕಾಲು ಸಣ್ಣ, ಹಿಂದಿನ ಕಾಲು ಮೇಲ್ಭಾಗದಲ್ಲಿ ಅಗಲ. ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರುವ ಗೆರೆಚಿತ್ರ, ಅದರ ಮೇಲೆ ಬಾಣದ ಗುರುತುಗಳು. ನಾನು ಆ ಪುಟವನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ನಮ್ಮ ಆಫೀಸಿನ ಗುಮಾಸ್ತರ ಕುರ್ಚಿ ನೋಡಲು ಫ್ರಾನ್ಸಿಗೆ ಹೋಗಬೇಕೇ ಎಂದು ಮಗುಚಿಬಿಟ್ಟಿದ್ದೆ.

ಸಾಬರು ಬಾಣದ ಮೇಲೆ ಬೆರಳಿಟ್ಟರು. "ನೋಡಿ, ಮನುಷ್ಯ ಕೂತ್ರೆ ಭಾರ ಹಿಂದಕ್ಕೆ ಬೀಳ್ತದೆ. ಅದಕ್ಕೇ ಇವನು ಹಿಂದಿನ ಕಾಲಿಗೆ ಮರ ಜಾಸ್ತಿ ಕೊಟ್ಟವ್ನೆ. ಮುಂದೆ ಬೇಡ, ಉಳಿಸವ್ನೆ. ಬುದ್ಧಿವಂತ. ಇದಕ್ಕೆ ಎರಡು ಕೈ ಸೇರಿಸಿ ಮಾಡಣ."

"ಸಾಬ್ರೇ, ಅದರಲ್ಲಿ ಕಲೆ ಎಲ್ಲಿದೆ?" ಎಂದೆ ನಾನು. ಈಗಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

"ಕಲೆ ನಿಮಗೇ ಗೊತ್ತು" ಎಂದು ಅವರು ಅಳತೆಕೋಲು ತೆಗೆದರು. "ಅದನ್ನೇ ಮಾಡಿದ್ರೂ ಒಂದು ಗೇಣು ಎತ್ತರ ಮಾಡಣ. ನಾಲ್ಕು ಕಾಲು ಕೊಡಣ."

ನಾನು ಒಪ್ಪಲಿಲ್ಲ. ಎತ್ತರ ಮಾಡಿದರೆ ಗೆರೆ ಕೆಡುತ್ತದೆ, ನಾಲ್ಕು ಕಾಲು ಹಾಕಿದರೆ ಮೇಜಾಗುತ್ತದೆ ಎಂದು ಉಪನ್ಯಾಸ ಕೊಟ್ಟೆ. ಮನೆಗೆ ಬಂದು ಅಮ್ಮನ ಮುಂದೆಯೂ ಅದನ್ನೇ ಒಪ್ಪಿಸಿದೆ. ಅಮ್ಮ ಸೊಪ್ಪು ಕತ್ತರಿಸುತ್ತಾ ತಲೆಯೆತ್ತದೆ, "ನೀನು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲಲ್ವೇನಪ್ಪಾ" ಎಂದರು. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅಳತೆಗೆ ಯಾರು ಬರುತ್ತೀರಿ ಎಂದು ಸಾಬರು ಕೇಳಿದಾಗ ನಾನೇ ಹಲಗೆಯ ಮೇಲೆ ಕೂತು, ಕಾಲು ಚಾಚಿ, ಒರಗಿ ಅಳತೆ ಕೊಟ್ಟೆ. ಇಪ್ಪತ್ತೆಂಟು ವರ್ಷದ ನನ್ನ ಮೊಣಕಾಲಿನ ಅಳತೆ.

ಹಲಸಿನ ಮರದಲ್ಲಿ ಚೌಕಟ್ಟು ಎದ್ದಿತು. ಸಾಬರಿಗೆ ಮನಸ್ಸಿರಲಿಲ್ಲ, ಆದರೆ ಕೈ ಮೋಸ ಮಾಡಲಿಲ್ಲ. ಬಾಗುಗಳು ಎಷ್ಟು ನಯವಾಗಿ ಬಂದವೆಂದರೆ ನಾನು ದಿನವೂ ಶಾಲೆ ಬಿಟ್ಟ ಮೇಲೆ ಹೋಗಿ ಸವರಿ ಬರುತ್ತಿದ್ದೆ. ಆಮೇಲೆ ಅದನ್ನು ಚಿಂತಾಮಣಿಗೆ ಒಯ್ದೆ. ಅಲ್ಲಿ ಬಸ್ಸು ಲಾರಿಗಳ ಸೀಟು ಹೊಲಿಯುವವರೊಬ್ಬರು ಸ್ಪಂಜು ತುಂಬಿ ಹೊದಿಕೆ ಹಾಕಲು ಒಪ್ಪಿದ್ದರು. ಪತ್ರಿಕೆಯಲ್ಲಿದ್ದ ಗುಂಗುರು ಬಿಳಿ ಉಣ್ಣೆಗೆ ನಾನೆಲ್ಲಿ ಹೋಗಲಿ? ಸಂತೆಯಲ್ಲಿ ಕರಿ ಕಂಬಳಿ ತಂದುಕೊಟ್ಟೆ. ಅದೂ ಕುರಿಯದೇ ತಾನೆ ಎಂದು ಸಮಾಧಾನ ಮಾಡಿಕೊಂಡೆ. ಸೀಟು ಹೊಲಿಯುವವರು ಕೆಲಸ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬಹಳ ಹೊತ್ತು ನೋಡಿ, "ಏಮಪ್ಪಾ ಇದಿ?" ಎಂದು, ಇದೇನಪ್ಪಾ ಎಂಬುದನ್ನು ತೆಲುಗಿನಲ್ಲಿ ಕೇಳಿದರು. ಮೆಚ್ಚಿಕೊಂಡರೆಂದೇ ನಾನು ತಿಳಿದೆ.

ಬಸ್ಸಿನ ಟಾಪಿಗೆ ಹತ್ತಿಸಿ ತರುವಾಗ ಕಂಡಕ್ಟರು, "ಸಾರ್, ಇದಕ್ಕೆ ಲಗೇಜ್ ಹಾಕ್ಲಾ, ಇಲ್ಲಾ ಹಾಫ್ ಟಿಕೆಟ್ಟಾ? ಉಸಿರಾಡ್ತಾ ಇದ್ದಂಗೈತೆ" ಎಂದ. ಇಡೀ ಬಸ್ಸು ನಕ್ಕಿತು. ಕಲಾವಿದರನ್ನು ಲೋಕ ಯಾವತ್ತೂ ಹೀಗೇ ನೋಡಿರುವುದು ಎಂದುಕೊಂಡು ಕೂದಲು ಹಿಂದಕ್ಕೆ ಸರಿಸಿದೆ.

ಕುರ್ಚಿಯ ಪ್ರವೇಶ ಭಾನುವಾರ ಎಂದು ನಿಶ್ಚಯ ಮಾಡಿದ್ದೆ. ಅಮ್ಮ, "ಹುಳ ಇವತ್ತೋ ನಾಳೆಯೋ ಹಣ್ಣಾಗ್ತವೆ ಕಣೋ. ಗೂಡು ಕಟ್ಟೋ ಹೊತ್ತಲ್ಲಿ ಇದೇನೋ ನಿನ್ನ ತಮಾಷೆ? ಮುಂದಿನ ವಾರ ಇಟ್ಕೊ" ಎಂದರು. ನಾನು ಕೇಳಲಿಲ್ಲ. ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದಿದ್ದೆ. ಬೆಳಗ್ಗೆ ಹತ್ತು ಗಂಟೆಗೆ ನಡುಮನೆಯಲ್ಲಿ ಕುರ್ಚಿ ಇಟ್ಟು, ಎಲ್ಲರೂ ನೋಡುತ್ತಿದ್ದಂತೆ ಏಣಿ ಹತ್ತಿ, ತೊಲೆಯ ಹಗ್ಗವನ್ನು ಬಿಚ್ಚಿದೆ. ಬಿಚ್ಚಿ ಸುರುಳಿ ಸುತ್ತಿ ಕೊಟ್ಟಿಗೆಗೆ ಎಸೆದು ಬಂದೆ. ರಿಬ್ಬನ್ ಕತ್ತರಿಸುವ ಮಂತ್ರಿಯೂ ಅಷ್ಟು ಬೀಗಿರಲಾರ.

"ಕೂತ್ಕೊಳ್ಳಪ್ಪಾ" ಎಂದೆ.

ಅಪ್ಪ ಒಂದು ಸಲ ಖಾಲಿ ತೊಲೆಯನ್ನು ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ, ಕುರ್ಚಿಯ ಕೈಗಳನ್ನು ತಡಕುತ್ತಾ ಇಳಿದರು. ಇಳಿಯುತ್ತಲೇ ಹೋದರು. ಕೊನೆಗೆ ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದು ನಿಂತವು.

"ಹೆಂಗೈತಪ್ಪಾ?"

"ಚೆನ್ನಾಗೈತೆ" ಎಂದರು ಅಪ್ಪ.

ಬಂದವರು ಒಬ್ಬೊಬ್ಬರೇ ಮುಟ್ಟಿ ನೋಡಿದರು. ಪಕ್ಕದ ಮನೆಯ ಅಜ್ಜಿ, "ಎಮ್ಮೆ ಕರ ಮಲಗಿದಂಗೈತಲ್ಲೇ" ಎಂದು ಅಮ್ಮನ ಕಿವಿಯಲ್ಲಿ ಹೇಳಿದ್ದು ಇಡೀ ಮನೆಗೆ ಕೇಳಿಸಿತು. ಒಂದು ಗಂಟೆಯಾಯಿತು, ಎರಡಾಯಿತು. ಅಪ್ಪ ಏಳಲಿಲ್ಲ. ಕಾಫಿ ಕೊಟ್ಟರೆ ಬೇಡವೆಂದರು. ಊಟಕ್ಕೆ ಇಲ್ಲಿಗೇ ಕೊಡಿ ಎಂದರು. ತಟ್ಟೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡರೆ ಸಾರು ಎದೆಯ ಕಡೆಗೆ ಹರಿಯುತ್ತಿತ್ತು. ಮುದ್ದೆಯನ್ನು ಅಣೆಕಟ್ಟಿನ ಹಾಗೆ ಅಡ್ಡ ಇಟ್ಟುಕೊಂಡು ಅರ್ಧ ಉಂಡರು. ನೀರು ಮುಟ್ಟಲಿಲ್ಲ.

ನನ್ನ ಹಿಗ್ಗು ಕೇಳಬೇಡಿ. ಹೊಸದಾಗಿ ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ಹೇಳಿದೆ: "ಬೆಳಗ್ಗೆ ಹತ್ತಕ್ಕೆ ಕೂತವ್ರು, ಎದ್ದೇಳೋಕೇ ಮನಸ್ಸಿಲ್ಲ ನೋಡಿ! ಫ್ರಾನ್ಸಿನವರು ಸುಮ್ನೆ ಮಾಡಿಲ್ಲ. ಕೂತ ಮೈ ಮೇಲೇಳೋ ಯೋಚನೆಯನ್ನೇ ಮರೀಬೇಕು, ಅದು ಇದರ ತತ್ವ." ಅಪ್ಪ ನನ್ನ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾ ಕೂತಿದ್ದರು. ಒಂದು ಸಲ ಬಲಗೈಯನ್ನು ಕುರ್ಚಿಯ ಕೈ ಮೇಲೆ ಊರಿದರು. ಮುಂದೆ ಒಂದೇ ಕಾಲು ತಾನೆ, ಕುರ್ಚಿ ಬಲಕ್ಕೆ ವಾಲಿತು. ಅಪ್ಪ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಅದನ್ನು ನೋಡಿಯೂ ನೋಡದವನಂತಿದ್ದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಮ್ಮ ಹುಳದ ಮನೆಯಿಂದ ಓಡಿ ಬಂದರು. "ಹುಳ ತಲೆ ಎತ್ತಿ ಆಡ್ತಾ ಅವೆ. ಬಂದು ನೋಡ್ರಿ ಒಂದ್ಸಲ" ಎಂದರು. ಹುಳ ಹಣ್ಣಾಗಿದೆಯೇ ಇಲ್ಲವೇ ಎಂದು ಹೇಳುವುದು ನಮ್ಮ ಮನೆಯಲ್ಲಿ ಅಪ್ಪನ ಕೆಲಸ. ಬೇಗ ತೆಗೆದರೂ ಕಷ್ಟ, ತಡ ಮಾಡಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಸೊಂಟಕ್ಕೆ ಪೆಟ್ಟಾದ ತಿಂಗಳಲ್ಲೂ ಅಪ್ಪ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ನಾಲ್ಕು ಹುಳ ಇಲ್ಲಿಗೇ ತಗಂಬಾ" ಎಂದರು ಅಪ್ಪ.

ಅಮ್ಮ ಅವರ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಹೋಗಿ ಅಂಗೈಯಲ್ಲಿ ಹುಳ ತಂದರು. ಅಪ್ಪ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೈ ಹಳದಿಯಾಗಿ, ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು. "ಹಣ್ಣಾಗವೆ. ಚಂದ್ರಂಕಿಗೆ ಹಾಕಿ" ಎಂದರು. ಚಂದ್ರಂಕಿ ಎಂದರೆ ಹುಳ ಗೂಡು ಕಟ್ಟಲು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ದೊಡ್ಡ ತಟ್ಟಿ. ಆ ಹೊತ್ತಿನಲ್ಲಿ ಊರಿನವರೆಲ್ಲ ಒಂದೇ ಮನೆಯವರಾಗುತ್ತಾರೆ. ಕುರ್ಚಿ ನೋಡಲು ಬಂದಿದ್ದವರೆಲ್ಲ ಸೆರಗು, ಪಂಚೆ ಕಟ್ಟಿಕೊಂಡು ಹುಳ ಆರಿಸಲು ನಡೆದರು. ನಾನೂ ಹೋದೆ.

ಸುಮಾರು ಒಂದು ಗಂಟೆ ಕಳೆದಿರಬೇಕು. ಚಂದ್ರಂಕಿ ಕಡಿಮೆ ಬಿದ್ದವು, ಅಟ್ಟದ ಮೇಲೊಂದು ಹಳೆಯದಿದೆ ತಾ ಎಂದು ಅಮ್ಮ ಕಳಿಸಿದರು. ನಾನು ಹಿಂಬಾಗಿಲಿಂದ ಬಂದೆ. ನಡುಮನೆಯಲ್ಲಿ ಅಪ್ಪ ಒಬ್ಬರೇ ಇದ್ದರು. ಅವರ ಎರಡೂ ಕೈಗಳು ತಲೆಯ ಮೇಲೆ ಚಾಚಿದ್ದವು, ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಹಗ್ಗ ಇರುತ್ತಿದ್ದ ಜಾಗವನ್ನು.

ಬೆಳಗ್ಗೆ ಹತ್ತರಿಂದ ಆ ಮನುಷ್ಯ ಏಳಲಾಗದೆ ಕೂತಿದ್ದಾರೆ. ಕಾಫಿ ಬೇಡವೆಂದದ್ದು, ನೀರು ಮುಟ್ಟದೇ ಇದ್ದದ್ದು, ಹುಳ ಇಲ್ಲಿಗೇ ತಾ ಎಂದದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ನಾನು ಊರಿನವರನ್ನು ಕರೆದು, ಅವರ ಎದುರಿಗೇ, ಅಪ್ಪನನ್ನು ಏಳಲಾಗದ ಹಾಗೆ ಕೂರಿಸಿ, ಅದರ ಮೇಲೆ ಭಾಷಣ ಬೇರೆ ಮಾಡಿದ್ದೆ. ಥೂ ನನ್ನ!

ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅಪ್ಪ ನನ್ನ ಮುಖ ನೋಡದೆ, ಗೋಡೆ ಹಿಡಿದು, ಹಿತ್ತಿಲಿಗೆ ಆದಷ್ಟು ಬೇಗ ನಡೆದರು. ಬಹಳ ಹೊತ್ತಿನ ಮೇಲೆ ಬಂದರು.

"ಯಾಕಪ್ಪಾ ಹೇಳ್ಲಿಲ್ಲ?" ಎಂದೆ.

"ಏನು ಹೇಳೋದು? ಅಷ್ಟು ಜನದ ಮುಂದೆ ಅಷ್ಟು ಚೆನ್ನಾಗಿ ಮಾತಾಡ್ತಾ ಇದ್ದೆ" ಎಂದರು ಅಪ್ಪ. ಆಮೇಲೆ, "ಕುರ್ಚಿ ಚೆನ್ನಾಗೇ ಐತೆ ಕಣಪ್ಪ. ವಸಿ ತಗ್ಗು, ಅಷ್ಟೇ" ಎಂದರು.

ನಾನು ಕೊಟ್ಟಿಗೆಗೆ ಹೋಗಿ ಹಗ್ಗ ಹುಡುಕಿ ತಂದು, ಯಾರೂ ನೋಡದಂತೆ ಮತ್ತೆ ತೊಲೆಗೆ ಕಟ್ಟಿದೆ.

ಆ ದಿನ ಸಂಜೆ ಚಂದ್ರಂಕಿ ಎಷ್ಟು ತಂದರೂ ಸಾಲಲಿಲ್ಲ. ಉಳಿದ ಒಂದಷ್ಟು ಹುಳಗಳನ್ನು ಅಮ್ಮ, ನನ್ನನ್ನು ಒಂದು ಮಾತೂ ಕೇಳದೆ, ಕುರ್ಚಿಯ ಮೇಲೆ ಸುರಿದು ಒಣ ಕಡ್ಡಿ ಹರಡಿದರು. ಮೂರು ದಿನ ಕಳೆಯುವುದರಲ್ಲಿ ಬೆನ್ನಿಗೂ ಕೈಗೂ ನಡುವಿನ ಬಾಗಿನಲ್ಲೆಲ್ಲ ಹಳದಿ ಗೂಡುಗಳು. ಎದ್ದು ಹೋಗುವ ಅವಸರವಿಲ್ಲದವರು ಕೊನೆಗೂ ಸಿಕ್ಕಿದ್ದರು ಆ ಕುರ್ಚಿಗೆ. "ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರೂ ಪೂಜೆಗೆ ಬಂತಲ್ಲ ಬಿಡು" ಎಂದು ಐದನೇ ದಿನ ಅಮ್ಮ ನಗುತ್ತಾ ಗೂಡು ಬಿಡಿಸಿದರು. ಅವರು ನಕ್ಕಿದ್ದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ಮುಂದಿನ ಸೋಮವಾರ ಪತ್ರಿಕೆ ಹಿಡಿದು ಸಾಬರ ಅಂಗಡಿಗೆ ಹೋದೆ. ಅವರು ಏನಾಯಿತೆಂದು ಕೇಳಲಿಲ್ಲ. ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಆ ಸಾದಾ ಕುರ್ಚಿಯ ಪುಟ ತೆರೆದರು. ಹುಡುಕಬೇಕಾಗಿಯೂ ಬರಲಿಲ್ಲ, ಆವತ್ತೇ ಮೂಲೆ ಮಡಿಸಿಟ್ಟಿದ್ದರು.

"ತಂದೆಯವರ ಮೊಣಕಾಲು ನೆಲದಿಂದ ಎಷ್ಟು ಎತ್ತರ ಐತೆ ಮೇಷ್ಟ್ರೇ?"

ನನಗೆ ಗೊತ್ತಿರಲಿಲ್ಲ. ಆ ಮೊಣಕಾಲುಗಳ ಮೇಲೆ ಕೂತು ಬೆಳೆದವನು ನಾನು. ಮನೆಗೆ ಬಂದು, ಒಂದು ದಾರ ಹಿಡಿದು, ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತೆ. ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆದು ಗಂಟು ಹಾಕಿದೆ. ಎಡಗಾಲಿಗಿಂತ ಬಲಗಾಲು ಸಣ್ಣಗಾಗಿತ್ತು. "ಸಾಕು ಬಿಡೋ, ಕಚಗುಳಿ ಆಗ್ತದೆ" ಎಂದು ಅಪ್ಪ ಕಾಲೆಳೆದುಕೊಂಡರು.

ಹದಿನೈದು ದಿನಕ್ಕೆ ಕುರ್ಚಿ ಬಂತು. ನೆಟ್ಟಗಿನ ಬೆನ್ನು, ಗಟ್ಟಿ ಹಲಗೆ, ದಪ್ಪ ಹಿಂಗಾಲು. ಪತ್ರಿಕೆಯಲ್ಲಿಲ್ಲದ ಎರಡು ಕೈಗಳನ್ನು ಸಾಬರು ತಾವೇ ಸೇರಿಸಿ, ಮುಂದಕ್ಕೆ ನಾಲ್ಕು ಬೆರಳು ಚಾಚಿ, ತುದಿಯನ್ನು ಹಿಡಿತಕ್ಕೆ ಸಿಗುವಂತೆ ದುಂಡಗೆ ತಿದ್ದಿದ್ದರು. ಈ ಸಲ ನಾನು ಯಾರನ್ನೂ ಕರೆಯಲಿಲ್ಲ. ಹಗ್ಗವನ್ನೂ ಬಿಚ್ಚಲಿಲ್ಲ. ಅದರ ಕೆಳಗೇ ಕುರ್ಚಿ ಇಟ್ಟೆ. ಅಪ್ಪ ಕೂತು, ಕೈಗಳ ದುಂಡು ತುದಿಯನ್ನು ಒಮ್ಮೆ ಹಿಡಿದು ನೋಡಿದರು.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಮಜ್ಜಿಗೆ ಕೇಳಲು ಬಂದರು. "ಇದೇನು ಇನ್ನೊಂದಾ?" ಎಂದರು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಅಜ್ಜಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಸಾಬರು ಹೇಳಿದ್ದನ್ನೆಲ್ಲ ನನ್ನದೇ ಎಂಬಂತೆ ಶುರು ಮಾಡಿದೆ. ಮನುಷ್ಯ ಕೂತರೆ ಭಾರ ಎಲ್ಲಿ ಬೀಳುತ್ತದೆ, ಹಿಂದಿನ ಕಾಲು ಯಾಕೆ ದಪ್ಪ, ಮುಂದಿನದು ಯಾಕೆ ಸಣ್ಣ, ಯುದ್ಧದಲ್ಲಿ ಎಲ್ಲ ಕಳೆದುಕೊಂಡ ಜನ ಇದ್ದಷ್ಟೇ ಸಾಮಾನಿನಲ್ಲಿ ಹೇಗೆ ಲೆಕ್ಕ ಹಾಕಿ ಮಾಡಿದರು, ಎಲ್ಲವನ್ನೂ ಕೈ ಬೀಸಿ ಬೀಸಿ ವಿವರಿಸಿದೆ. ಅಜ್ಜಿ ನನ್ನ ಭುಜದ ಮೇಲಿಂದ ಒಳಗೆ ನೋಡುತ್ತಿದ್ದರು. ಅವರ ಬಾಯಿ ಮೆಲ್ಲಗೆ ತೆರೆದುಕೊಂಡಿತು. ನನ್ನ ಮಾತಿಗೆ ಬೆರಗಾದರೆಂದು ತಿಳಿದು ಇನ್ನೂ ಜೋರು ಮಾಡಿದೆ.

"ಇತ್ಲಾಗೆ ತಿರುಗಿ ನೋಡೋ" ಎಂದರು ಅಜ್ಜಿ.

ತಿರುಗಿ ನೋಡಿದೆ. ಕುರ್ಚಿ ಖಾಲಿ. ಅದರ ಮೇಲೆ ಹಗ್ಗ ತೊಲೆಯಿಂದ ನೆಟ್ಟಗೆ ಇಳಿಬಿದ್ದಿತ್ತು, ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಹುಳದ ಮನೆಯ ಕಡೆಯಿಂದ ಅಪ್ಪನ ದನಿ ಕೇಳಿಸಿತು. "ಒದ್ದೆ ಸೊಪ್ಪು ಹಾಕವ್ರೆ ಇಲ್ಲಿ! ಯಾರೇ ಅದು, ನಿನ್ನ ಮಗನೇನೇ?"